ಪಿಕಪ್ ಮೇಲಿನ ಮನೆ: ಬಯಲುಸೀಮೆಯಲ್ಲಿ ಬಾಳುವುದು ಯಾವುದು?

ಗೆಳೆಯನೊಬ್ಬ ತನ್ನ ಪಿಕಪ್ಪಿನ ತೊಟ್ಟಿಯ ಮೇಲೆ ಸೂರು ಎತ್ತಿ ಇಳಿಸುವಂಥ ಪುಟ್ಟ ಮನೆಯೊಂದನ್ನು ಕಟ್ಟಿಸಿದ. ಕಾಡು ಮೇಡು ಸುತ್ತುವವರು ಪಾಪ್‌ಅಪ್ ಕ್ಯಾಂಪರ್ ಎನ್ನುವುದು ಇದಕ್ಕೇ. ಚಿಂತಾಮಣಿಯ ಟೊಮೆಟೊ ಮಾರುಕಟ್ಟೆಯ ಹೊರಗೆ ಟೀ ಕುಡಿಯಲು ನಿಲ್ಲಿಸಿದಾಗ, ಲೋಡು ಇಳಿಸಿ ಬಂದಿದ್ದ ಬೊಲೆರೊ ಚಾಲಕನೊಬ್ಬ ಅದನ್ನು ಒಂದು ಸುತ್ತು ಹಾಕಿ ನೋಡಿದ. ಒಳಗಿನ ಹಾಸಿಗೆ, ಒಲೆ, ದೀಪದತ್ತ ಅವನ ಕಣ್ಣು ಹೋಗಲಿಲ್ಲ. ಬಗ್ಗಿ, ಪೆಟ್ಟಿಗೆಯನ್ನು ತೊಟ್ಟಿಗೆ ಕೂರಿಸಿದ್ದ ಬೋಲ್ಟುಗಳನ್ನು ಮುಟ್ಟಿ ನೋಡಿ, “ನಾಲ್ಕು ಮೂಲೇಗೂ ಹಿಂಗೆ ಬಿಗಿಸಿಬಿಟ್ರೆ ಚಾಸಿ ತಿರುಚ್ಕೊಂಡಾಗ ಇದೆಲ್ಲಿಗೆ ಹೋಗ್ಬೇಕು ಸಾರ್?” ಎಂದ. ಆರು ತಿಂಗಳೊಳಗೆ ಬಾಗಿಲ ಪಕ್ಕದ ಮೂಲೆ ಬಿರುಕು ಬಿಟ್ಟಿತು.

ಆ ಪ್ರಶ್ನೆಗಿಂತ ಒಳ್ಳೆಯ ಅಳತೆಗೋಲು ನನಗೆ ಇದುವರೆಗೆ ಸಿಕ್ಕಿಲ್ಲ. ಪಿಕಪ್ಪಿನಲ್ಲಿ ಕ್ಯಾಬಿನ್ ಬೇರೆ, ತೊಟ್ಟಿ ಬೇರೆ. ಎರಡೂ ಏಣಿಯಂಥ ಚಾಸಿಯ ಮೇಲೆ ಕೂತಿರುತ್ತವೆ, ನಡುವೆ ಬೆರಳು ತೂರುವಷ್ಟು ಸಂದು. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಪೋಣಿಸುವ ರಾಷ್ಟ್ರೀಯ ಹೆದ್ದಾರಿ 69ರಲ್ಲಿ ಹೋಗುವಾಗ ಆ ಸಂದು ಯಾಕಿದೆ ಎಂದು ಗೊತ್ತಾಗುವುದಿಲ್ಲ. ಹೆದ್ದಾರಿ ಬಿಟ್ಟು ಕೆರೆ ಏರಿಗೋ ಅಂಬಾಜಿದುರ್ಗದ ಕಡೆಯ ಬಂಡೆ ದಾರಿಗೋ ಇಳಿಯಿರಿ. ಮುಂದಿನ ಎಡಗಾಲಿ ಬಂಡೆಯ ಮೇಲೆ, ಹಿಂದಿನ ಬಲಗಾಲಿ ಕೊರಕಲಲ್ಲಿ. ಚಾಸಿ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ, ಕ್ಯಾಬಿನ್ ಒಂದು ಕಡೆ ವಾಲಿದರೆ ತೊಟ್ಟಿ ಇನ್ನೊಂದು ಕಡೆ. ಅದರ ಮೇಲೆ ಒಂದಿಷ್ಟೂ ಮಿಸುಕದಂತೆ ಬಿಗಿದ ಪೆಟ್ಟಿಗೆ ಆ ತಿರುಚನ್ನೆಲ್ಲ ತಾನೇ ನುಂಗಬೇಕು. ಅದು ಮೊದಲು ಸೋಲುವುದು ಬಾಗಿಲ ಮೂಲೆಯಲ್ಲಿ, ಇಲ್ಲವೇ ಕ್ಯಾಬಿನ್ನಿನ ಮೇಲೆ ಚಾಚಿದ ಮಲಗುವ ಜಾಗದ ಬುಡದಲ್ಲಿ.

ನಮ್ಮ ಹಿರಿಯರು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೂ ನಂದಿಯ ಶಿವರಾತ್ರಿಗೂ ಕಮಾನು ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಬಿದಿರು ಬಾಗಿಸಿ, ಚಾಪೆ ಹೊದಿಸಿ, ಹಗ್ಗದಲ್ಲಿ ಬಿಗಿದ ಸೂರು ಅದು. ಗಾಡಿ ಕುಲುಕಿದಾಗ ಸೂರೂ ಕುಲುಕುತ್ತಿತ್ತು, ಗಂಟು ಸಡಿಲವಾದರೆ ದಾರಿಯಲ್ಲೇ ಎಳೆದು ಕಟ್ಟಿದರೆ ಮುಗಿಯಿತು. ಕ್ಯಾಂಪರ್ ಕೊಳ್ಳುವವರು ಒಮ್ಮೆ ಆ ಗಾಡಿಯನ್ನು ನೆನೆದುಕೊಳ್ಳಬೇಕೆಂದು ನನ್ನ ಆಸೆ. ಅಮೆರಿಕದಲ್ಲಿ 1972ರಿಂದ ಪಾಪ್‌ಅಪ್ ಕಟ್ಟುತ್ತ ಬಂದಿರುವ ಫೋರ್ ವೀಲ್ ಕ್ಯಾಂಪರ್ಸ್‌ನವರು ಬೆಸೆದ ಅಲ್ಯೂಮಿನಿಯಂ ಚೌಕಟ್ಟನ್ನು ನೆಚ್ಚಿಕೊಂಡದ್ದೂ ಇದೇ ಬಳುಕಿಗಾಗಿ. ಮರದ ಚೌಕಟ್ಟಿಗೆ ಹೊಡೆದ ಪಿನ್ನುಗಳು ಕುಲುಕಾಟಕ್ಕೆ ಸಡಿಲಗೊಳ್ಳುತ್ತವೆ, ಆ ಸಂದಿನಲ್ಲಿ ನೀರು ಇಳಿದು ಮರ ಕೊಳೆಯುತ್ತದೆ. ಅಲ್ಯೂಮಿನಿಯಂ ಕೊಳೆಯುವುದಿಲ್ಲ, ಹಗುರವೂ ಹೌದು.

ಆದರೂ ನಮ್ಮ ಸೀಮೆಗೆ ಅದನ್ನು ಕಣ್ಣುಮುಚ್ಚಿ ಒಪ್ಪಲಾರೆ. ಅಲ್ಯೂಮಿನಿಯಂ ಬೆಸೆದ ಜಾಗ ಶಾಖಕ್ಕೆ ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ, ಬಿರುಕು ಬಿಡುವುದೂ ಅಲ್ಲೇ. ಮತ್ತೆ ಬೆಸೆಯಲು ಆರ್ಗಾನ್ ವೆಲ್ಡಿಂಗ್ ಬೇಕು. ಊರೂರಿನ ವೆಲ್ಡಿಂಗ್ ಶಾಪಿನಲ್ಲಿ ಟ್ರಾಕ್ಟರ್ ಟ್ರಾಲಿಗೂ ಗೇಟಿಗೂ ಕಬ್ಬಿಣ ಬೆಸೆಯುವ ಕೈ ಪಳಗಿದೆ, ಅಲ್ಯೂಮಿನಿಯಂಗೆ ಪಳಗಿದ ಕೈ ಅಪರೂಪ. ಹಾಗಾಗಿ ನನ್ನ ಆಯ್ಕೆ ಅಲ್ಯೂಮಿನಿಯಂ ಕೋನಪಟ್ಟಿಗಳನ್ನು ಬೋಲ್ಟು, ರಿವೆಟ್ಟುಗಳಿಂದ ಜೋಡಿಸಿದ ಚೌಕಟ್ಟು. ಮುರಿದ ಪಟ್ಟಿ ಬಿಚ್ಚಿ ಹೊಸದು ಹಾಕಬಹುದು. ತೊಟ್ಟಿಗೂ ಪೆಟ್ಟಿಗೆಗೂ ನಡುವೆ ರಬ್ಬರ್ ಹಾಸು, ಮೂಲೆಗಳಲ್ಲಿ ಬೋಲ್ಟಿನ ಬದಲು ತಿರುಪಿ ಬಿಗಿಯುವ ಟರ್ನ್‌ಬಕಲ್.

ಇನ್ನು ತೂಕ. ಇಲ್ಲಿಯವರಿಗೆ ಇದನ್ನು ಟೊಮೆಟೊ ಬಾಕ್ಸಿನ ಲೆಕ್ಕದಲ್ಲೇ ಹೇಳುವುದು ವಾಸಿ. ಬಾಕ್ಸಿಗೆ 15 ಕಿಲೋ ಎಂದರೆ, 60 ಲೀಟರ್ ನೀರು ನಾಲ್ಕು ಬಾಕ್ಸು. 12 ವೋಲ್ಟಿನ, 100 ಆಂಪಿಯರ್ ಅವರ್‌ನ ಸೀಸದ ಬ್ಯಾಟರಿ ಸುಮಾರು ಎರಡು ಬಾಕ್ಸು. ಅಷ್ಟೇ ಸಾಮರ್ಥ್ಯದ ಲಿಥಿಯಂ ಬ್ಯಾಟರಿ ಒಂದು ಬಾಕ್ಸೂ ಇಲ್ಲ. 450 ಕಿಲೋದ ಕ್ಯಾಂಪರ್ ಎಂದರೆ ಮೂವತ್ತು ಬಾಕ್ಸು, ಅದೂ ರಾತ್ರಿ ಹಗಲು ಇಳಿಸದ ಲೋಡು. ಹೊರೆ ಸಾಗಿಸಲೆಂದೇ ಮಾಡಿದ ಬೊಲೆರೊ ಪಿಕಪ್ ಅದನ್ನು ಗಮನಿಸುವುದೂ ಇಲ್ಲ. ಆದರೆ ಐದು ಜನ ಕೂರುವ, 2016ರಲ್ಲಿ ಬಂದ ಇಸುಜು ವಿ-ಕ್ರಾಸ್‌ನಂಥ ಸವಾರಿ ಪಿಕಪ್ಪುಗಳ ಕಥೆ ಬೇರೆ. ಆರ್‌ಸಿ ಪುಸ್ತಕದಲ್ಲಿ ಖಾಲಿ ತೂಕ, ತುಂಬಿದ ತೂಕ ಎರಡೂ ಇರುತ್ತವೆ. ಒಂದರಲ್ಲಿ ಒಂದನ್ನು ಕಳೆದು, ಜನರ ತೂಕವನ್ನೂ ತೆಗೆದು, ಉಳಿದದ್ದಕ್ಕೆ ತಕ್ಕ ಕ್ಯಾಂಪರ್ ಹುಡುಕಬೇಕು. ಎಷ್ಟೋ ಮಂದಿ ಸ್ಪ್ರಿಂಗ್ ಪಟ್ಟಿ ಸೇರಿಸಿದರೆ ಸಾಕು ಎಂದುಕೊಳ್ಳುತ್ತಾರೆ. ಪಟ್ಟಿ ಸೇರಿಸಿದರೆ ಗಾಡಿ ಎತ್ತರ ನಿಲ್ಲುತ್ತದೆ, ಬ್ರೇಕು ಮತ್ತು ಆಕ್ಸಲ್‌ಗಳ ಶಕ್ತಿ ಹೆಚ್ಚುವುದಿಲ್ಲ. ಭಾರವಾದ ನೀರು, ಬ್ಯಾಟರಿ ಹಿಂದಿನ ಆಕ್ಸಲ್‌ಗಿಂತ ಮುಂದೆ, ತಳದಲ್ಲಿರಲಿ.

ಪಾಪ್‌ಅಪ್ ನಿಜವಾಗಿ ಗೆಲ್ಲುವುದು ಎತ್ತರದಲ್ಲಿ. ತೊಟ್ಟಿಯ ತಳವೇ ನೆಲದಿಂದ ಎರಡೂವರೆ ಅಡಿ. ಒಳಗೆ ಆರಡಿ ಆಳು ನೆಟ್ಟಗೆ ನಿಲ್ಲಬೇಕಾದರೆ ಗಟ್ಟಿ ಗೋಡೆಯ ಕ್ಯಾಂಪರ್ ಒಂಬತ್ತು ಅಡಿ ಮುಟ್ಟುತ್ತದೆ. ನಮ್ಮ ಹಳ್ಳಿ ರಸ್ತೆಗಳ ಹುಣಸೆ ಕೊಂಬೆ, ಜೋತುಬಿದ್ದ ಕರೆಂಟ್ ತಂತಿ, ರೈಲು ಹಳಿಯಡಿಯ ಕಿರಿದಾದ ಸೇತುವೆಗಳ ಮುಂದೆ ಅಡ್ಡ ನಿಲ್ಲಿಸಿದ ಕಬ್ಬಿಣದ ಕಂಬಿ, ಇವನ್ನೆಲ್ಲ ಅದು ಎದುರಿಸಬೇಕು. ಸೂರು ಇಳಿಸಿದ ಪಾಪ್‌ಅಪ್ ತಲೆ ತಗ್ಗಿಸಿ ದಾಟುತ್ತದೆ. ಓರೆ ಏರಿಯಲ್ಲಿ ಮಗುಚುವ ಭಯವೂ ಕಡಿಮೆ.

ಸೋಲುವುದು ಬಟ್ಟೆಯಲ್ಲಿ. ಸೂರು ಎತ್ತಿದಾಗ ಬಿಚ್ಚಿಕೊಳ್ಳುವ ಆ ಬಟ್ಟೆ ಗೋಡೆಗೆ ಆಷಾಢದ ಗಾಳಿ ರಾತ್ರಿಯಿಡೀ ಬಡಿಯುತ್ತದೆ, ಮಾರ್ಚಿನಿಂದ ಮೇವರೆಗಿನ ಬಿಸಿಲು ಪ್ಲಾಸ್ಟಿಕ್ ಲೇಪವನ್ನು ಒರಟಾಗಿಸಿ ಸೀಳುತ್ತದೆ. ಎಲ್ಲಕ್ಕಿಂತ ಮೊದಲು ಕೈಕೊಡುವುದು ಜಿಪ್ಪು, ಕೆಂಪು ಧೂಳು ಅದರ ಹಲ್ಲು ಸವೆಸುತ್ತದೆ. ಬಟ್ಟೆಯನ್ನು ಚೌಕಟ್ಟಿಗೆ ಅಂಟಿನಲ್ಲಿ ಮೆತ್ತಿದ್ದರೆ ಕೊಳ್ಳಬೇಡಿ. ಪಟ್ಟಿಯಲ್ಲಿ ತೂರಿಸಿ ಸ್ಕ್ರೂ ಹಾಕಿದ್ದರೆ ಸೀಟ್ ಕವರ್ ಹೊಲಿಯುವವರು, ಶಾಮಿಯಾನದವರು ಯಾರಾದರೂ ಹೊಸದು ಹೊಲಿದು ಕೊಡುತ್ತಾರೆ.

ಗಾಳಿಯಾಟದ ಪಾಠಕ್ಕೆ ಶಿಡ್ಲಘಟ್ಟಕ್ಕೇ ಹೋಗಬೇಕು. ಅಲ್ಲಿನ ರೇಷ್ಮೆಗೂಡು ಮಾರುಕಟ್ಟೆಗೆ ಗೂಡು ತರುವ ರೈತರು ಚೀಲವನ್ನು ಕಿಕ್ಕಿರಿಯುವಂತೆ ತುಂಬುವುದಿಲ್ಲ. ಒಳಗೆ ಪ್ಯೂಪ ಜೀವಂತವಾಗಿದೆ, ಉಸಿರಾಡುತ್ತದೆ. ಗಾಳಿ ಇಲ್ಲದಿದ್ದರೆ ಗೂಡು ಬೆವೆತು ನೂಲಿನ ಗುಣ ಕೆಡುತ್ತದೆ. ಡಿಸೆಂಬರಿನಲ್ಲಿ 1,478 ಮೀಟರ್ ಎತ್ತರದ ನಂದಿಬೆಟ್ಟದ ಬುಡದ ತೋಟವೊಂದರಲ್ಲಿ, ಕ್ಯಾಂಪರಿನ ಕಿಟಕಿಗಳನ್ನೆಲ್ಲ ಮುಚ್ಚಿ ಗೆಳೆಯನೂ ನಾನೂ ಮಲಗಿದ್ದೆವು. ಬೆಳಗ್ಗೆ ಅಲ್ಯೂಮಿನಿಯಂ ಸೂರಿನಿಂದ ನಮ್ಮದೇ ಉಸಿರು ಹನಿಹನಿಯಾಗಿ ಮುಖದ ಮೇಲೆ ಬಿತ್ತು, ಹಾಸಿಗೆ ಒದ್ದೆ. ಹುಳು ಸಾಕುವ ಮನೆಯಲ್ಲಿ ಮೇಲೊಂದು, ಕೆಳಗೊಂದು ಕಿಂಡಿ ಬಿಡುವುದನ್ನು ನೋಡುತ್ತಲೇ ಬೆಳೆದವರು ನಾವು. ಕ್ಯಾಂಪರಿಗೂ ಅದೇ ಬೇಕು ಎಂಬುದು ಆ ದಿನದವರೆಗೆ ಹೊಳೆದಿರಲಿಲ್ಲ.

ಸೂರು ಎತ್ತಲು ಮೋಟಾರಿಗಿಂತ ಕಾರಿನ ಡಿಕ್ಕಿಯಲ್ಲಿರುವಂಥ ಗ್ಯಾಸ್ ದಂಡ ಸಾಕು, ಸೂರಿನ ಮೇಲೆ ಸಾಮಾನು ಹೇರದಿದ್ದರೆ. ನೀರಿನ ವಿಷಯದಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ. ಚಿಕ್ಕಬಳ್ಳಾಪುರ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ, ಕುಡಿಯುವ ನೀರನ್ನು ಹಳ್ಳಿಯ ಶುದ್ಧ ನೀರಿನ ಘಟಕದಲ್ಲಿ 20 ಲೀಟರ್ ಕ್ಯಾನಿಗೆ ತುಂಬಿಸಿಕೊಳ್ಳುವುದೇ ಸರಿ. ಆದ್ದರಿಂದ ದೊಡ್ಡ ಟ್ಯಾಂಕಿಗಿಂತ ಮೂರು ಕ್ಯಾನ್ ಅಲುಗದೆ ಕೂರುವ ಗೂಡು ನನಗಿಷ್ಟ.

ಕಾನೂನನ್ನು ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ಹೊರತಾದ ಮಾರ್ಪಾಡನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ತೊಟ್ಟಿ ಕತ್ತರಿಸಿ ಬೆಸೆದ ಮನೆಗಿಂತ, ಕಾಲು ಊರಿಸಿ ಗಾಡಿಯಿಂದ ಕಳಚಿಡುವ ಮನೆ ಈ ದೃಷ್ಟಿಯಿಂದಲೂ ಮೇಲು. ಅದನ್ನೂ ಮುಂಗಡ ಕೊಡುವ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡು ಮಾಡಿಸಬೇಕು.

ಗೆಳೆಯ ಬೋಲ್ಟುಗಳನ್ನು ಬಿಚ್ಚಿಸಿ ರಬ್ಬರ್, ಟರ್ನ್‌ಬಕಲ್ ಹಾಕಿಸಿದ್ದಾನೆ. ಬಿರುಕಿಗೆ ಪಟ್ಟಿ ಕೊಟ್ಟು ರಿವೆಟ್ ಹೊಡೆದಾಯಿತು, ಮತ್ತೆ ಬಿಟ್ಟಿಲ್ಲ. ಏಪ್ರಿಲ್ ಮಧ್ಯಾಹ್ನ ಅದರೊಳಗೆ ಈಗಲೂ ಕೂರಲಾಗದು, ಹುಣಸೆ ನೆರಳು ಹುಡುಕುತ್ತೇವೆ. ಮಳೆಗೆ ಮುಂಚೆ ಎರಡನೆಯ ಬಟ್ಟೆ ಹೊಲಿಸಲು ಅವನು ಅಳತೆ ಕೊಟ್ಟು ಬಂದಿದ್ದಾನೆ. ಈ ಸಲ ನಾಲ್ಕೂ ಕಡೆ ಸೂರಿನಂಚಿಗೇ ಒಂದೊಂದು ಕಿಂಡಿ, ಜಿಪ್ಪಿನ ಬದಲು ಗುಂಡಿ.