ಬಿಮಾ ಸಖಿಗೆ ಕಲಿಸಿದ್ದು, ಕಲಿಸದೆ ಬಿಟ್ಟದ್ದು

ಭಾರತೀಯ ಜೀವ ವಿಮಾ ನಿಗಮದ ಬಿಮಾ ಸಖಿ ಯೋಜನೆಗೆ ಪ್ರಧಾನಿ ಪಾಣಿಪತ್‌ನಲ್ಲಿ ಚಾಲನೆ ಕೊಟ್ಟದ್ದು 2024ರ ಡಿಸೆಂಬರ್ 9ರಂದು. ಹತ್ತನೇ ತರಗತಿ ಪಾಸಾದ, 18ರಿಂದ 70 ವರ್ಷದೊಳಗಿನ ಹೆಣ್ಣುಮಕ್ಕಳು ಏಜೆಂಟರಾಗಬಹುದು. ಮೊದಲ ವರ್ಷ ತಿಂಗಳಿಗೆ 7,000, ಎರಡನೇ ವರ್ಷ 6,000, ಮೂರನೇ ವರ್ಷ 5,000 ರೂಪಾಯಿ ಸ್ಟೈಪೆಂಡ್. ಕಮಿಷನ್ ಬೇರೆ. ಅದಕ್ಕೆ ಪ್ರತಿಯಾಗಿ ವರ್ಷಕ್ಕೆ ಕನಿಷ್ಠ 24 ಜನರಿಗೆ ಪಾಲಿಸಿ ಮಾಡಿಸಬೇಕು. ಬೋನಸ್ ಕಮಿಷನ್ ಬಿಟ್ಟು ಮೊದಲ ವರ್ಷದ ಕಮಿಷನ್ 48,000 ರೂಪಾಯಿ ಆಗಬೇಕು. ಶುರುವಾದ ಒಂದೇ ತಿಂಗಳಲ್ಲಿ ದೇಶದಲ್ಲಿ 52,511 ಮಂದಿ ಹೆಸರು ಕೊಟ್ಟರು, 27,695 ಮಂದಿಗೆ ನೇಮಕಾತಿ ಪತ್ರ ಸಿಕ್ಕಿತು, 14,583 ಮಂದಿ ಪಾಲಿಸಿ ಮಾಡಿಸಲು ಶುರುಮಾಡಿದ್ದರು.

ಈ ಅಂಕಿಗಳನ್ನು ಮುಂಬೈಯ ಕೇಂದ್ರ ಕಚೇರಿಯಲ್ಲಿ ಕೂತು ಓದಿದರೆ ಯೋಜನೆ ಗೆದ್ದಂತೆಯೇ ಕಾಣುತ್ತದೆ. ನಾನು ಓದಬಯಸುವುದು ಉಚ್ಚಂಗಿದುರ್ಗದ ಗುಡ್ಡದ ಬುಡದಲ್ಲಿ ನಿಂತು. ಹರಪನಹಳ್ಳಿ ತಾಲ್ಲೂಕಿನ ಈ ಊರಿಗೆ ಹುಣ್ಣಿಮೆ ಬಂದರೆ ಉಚ್ಚಂಗೆಮ್ಮನ ದರ್ಶನಕ್ಕೆ ಸುತ್ತಲಿನ ಜಿಲ್ಲೆಗಳ ಜನ ಬರುತ್ತಾರೆ. ಉಳಿದ ದಿನ ಊರು ಮಳೆಯಾಶ್ರಯದ ಹೊಲ, ಮೆಕ್ಕೆಜೋಳ, ಕೂಲಿ ಮತ್ತು ದಾವಣಗೆರೆಯ ಬಸ್ಸನ್ನು ನಂಬಿಕೊಂಡಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಯ ಕಡೆಯೂ ಹೆಚ್ಚುಕಡಿಮೆ ಇದೇ ಬದುಕು. ಇಲ್ಲಿನ ಹೆಣ್ಣುಮಗಳೊಬ್ಬಳು ಬಿಮಾ ಸಖಿಯಾದರೆ ಆಕೆಗೆ ಏನು ಗೊತ್ತಿರಬೇಕು, ಯಾರು ಹೇಳಿಕೊಡಬೇಕು, ಯಾವ ಆಸೆಯ ಮೇಲೆ ಆಕೆ ಬಿಸಿಲಲ್ಲಿ ತಾಂಡಾದಿಂದ ತಾಂಡಾಕ್ಕೆ ನಡೆಯಬೇಕು? ಯೋಜನೆಯ ಬೆಲೆ ಕಟ್ಟಬೇಕಾದದ್ದು ಇಲ್ಲಿ.

ಮೊದಲು ಒಳ್ಳೆಯದನ್ನು ಹೇಳಬೇಕು, ಅದು ಸಣ್ಣದಲ್ಲ. 1956ರ ಸೆಪ್ಟೆಂಬರ್ 1ರಂದು ನಿಗಮ ಹುಟ್ಟಿದಾಗಿನಿಂದ ಏಜೆಂಟರ ಬದುಕು ನಿಂತಿರುವುದು ಕಮಿಷನ್ ಮೇಲೆ. ಹೊಸಬರು ಮೊದಲು ಅಣ್ಣತಮ್ಮಂದಿರಿಗೆ, ಅತ್ತೆಮಾವನಿಗೆ, ಓಣಿಯ ನಾಲ್ಕು ಮನೆಗೆ ಪಾಲಿಸಿ ಮಾಡಿಸುತ್ತಾರೆ. ನೆಂಟರು ಮುಗಿದ ದಿನ ಏಜೆನ್ಸಿಯೂ ಮುಗಿಯುತ್ತದೆ. ಹೀಗೆ ಕೈಬಿಟ್ಟವರು ಪ್ರತಿ ಊರಲ್ಲೂ ಸಿಗುತ್ತಾರೆ. ಮಾರಾಟದ ಕಸುಬು ಕೈಗೆ ಹತ್ತಲು ಎರಡು ಮೂರು ವರ್ಷ ಬೇಕು, ಅಷ್ಟು ದಿನ ಮನೆ ನಡೆಯಬೇಕು ಎಂಬುದನ್ನು ನಿಗಮ ಸ್ಟೈಪೆಂಡ್ ಕೊಟ್ಟು ಒಪ್ಪಿಕೊಂಡಿದೆ. ಮೂರು ವರ್ಷಕ್ಕೆ ಒಟ್ಟು 2,16,000 ರೂಪಾಯಿ. ಗಂಡನ ಮುಂದೆ, ಅತ್ತೆಯ ಮುಂದೆ "ತಿಂಗಳಿಗಿಷ್ಟು ಬರ್ತತಿ" ಎಂದು ಹೇಳಬಲ್ಲ ಹೆಣ್ಣುಮಗಳಿಗೆ ಮನೆಯಿಂದ ಹೊರಗೆ ಹೊರಡುವ ಬಾಗಿಲು ತೆರೆಯುತ್ತದೆ. ಈಗಾಗಲೇ ಏಜೆಂಟರಾಗಿರುವವರ, ನೌಕರರ ಹತ್ತಿರದ ಸಂಬಂಧಿಕರು ಸೇರುವಂತಿಲ್ಲ ಎಂಬ ನಿಯಮವೂ ಸರಿಯಾದದ್ದೇ; ಇಲ್ಲದಿದ್ದರೆ ಹೆಂಡತಿಯ ಹೆಸರಲ್ಲಿ ಗಂಡನ ವ್ಯವಹಾರ ನಡೆಯುತ್ತಿತ್ತು.

ಇನ್ನು ತರಬೇತಿ. ಏಜೆಂಟರಾಗಲು 25 ಗಂಟೆಯ ತರಬೇತಿ, ಆಮೇಲೆ 50 ಪ್ರಶ್ನೆಗಳ ಪರೀಕ್ಷೆ, ಶೇ. 35 ಅಂಕ ಬಂದರೆ ಪಾಸು, ಕನ್ನಡದಲ್ಲೂ ಬರೆಯಬಹುದು. ಅಪಾಯ ಎಂದರೇನು, ವಿಮಾ ಕಾಯ್ದೆ ಏನು ಹೇಳುತ್ತದೆ, ಪ್ರಸ್ತಾವನೆ ನಮೂನೆ ತುಂಬುವುದು ಹೇಗೆ, ಎಂಡೋಮೆಂಟಿಗೂ ಮನಿಬ್ಯಾಕಿಗೂ ಏನು ವ್ಯತ್ಯಾಸ, ಇವೆಲ್ಲ ಪಾಠದಲ್ಲಿವೆ. ಇವು ಬೇಕು. ಆದರೆ ಇವನ್ನೆಲ್ಲ ಕಲಿತವಳು ಉಚ್ಚಂಗಿದುರ್ಗದ ಮೊದಲ ಮನೆಯಲ್ಲೇ ತಡವರಿಸುತ್ತಾಳೆ.

ಗುರುತಿನ ಕಾಗದವನ್ನೇ ತೆಗೆದುಕೊಳ್ಳಿ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋಯಿತು, ಆಮೇಲೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಒಂದೇ ಮನೆಯಲ್ಲಿ ಒಬ್ಬರ ಆಧಾರದಲ್ಲಿ ಒಂದು ಜಿಲ್ಲೆ, ಇನ್ನೊಬ್ಬರ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಜಿಲ್ಲೆ. ಯಾವುದನ್ನು ಹಿಡಿದು ನಮೂನೆ ತುಂಬಬೇಕು, ಮುಂದೆ ಕ್ಲೇಮಿನ ಹೊತ್ತಿಗೆ ತೊಂದರೆ ಬಾರದಂತೆ ಏನನ್ನು ಈಗಲೇ ತಿದ್ದಿಸಬೇಕು ಎಂಬುದು ಇಲ್ಲಿಯ ಏಜೆಂಟರಿಗೆ ಮೊದಲ ಪಾಠವಾಗಬೇಕಿತ್ತು.

ಅದಕ್ಕಿಂತ ನಾಜೂಕಿನದು ಇನ್ನೊಂದಿದೆ. ಇದು ದೇವದಾಸಿ ಪದ್ಧತಿ ಗಟ್ಟಿಯಾಗಿ ಬೇರು ಬಿಟ್ಟಿದ್ದ ನೆಲ. 1982ರಲ್ಲೇ ರಾಜ್ಯ ಅದನ್ನು ಕಾನೂನಿನಿಂದ ನಿಷೇಧಿಸಿತು, ಆದರೆ ಆ ತಾಯಂದಿರೂ ಅವರ ಮಕ್ಕಳೂ ಇಲ್ಲೇ ಇದ್ದಾರೆ. ತಂದೆಯ ಹೆಸರೇನು, ಗಂಡನ ಹೆಸರೇನು ಎಂದು ಅಂಗಳದಲ್ಲಿ ನಾಲ್ಕು ಜನರ ಎದುರು ಜೋರಾಗಿ ಕೇಳುವ ಏಜೆಂಟಳನ್ನು ಆ ಮನೆ ಮತ್ತೆ ಒಳಗೆ ಕರೆಯುವುದಿಲ್ಲ. ಎಲ್ಲಿ ಕೂತು ಕೇಳಬೇಕು, ಹೇಗೆ ಕೇಳಬೇಕು, ನಾಮಿನಿಯಾಗಿ ಯಾರನ್ನು ಬರೆಸಬಹುದೆಂದು ಹೇಗೆ ತಿಳಿಸಬೇಕು ಎಂಬುದು ಮಾರಾಟದ ತರಬೇತಿಯೇ. ವಿಮೆ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ಇಂಥ ಒಂಟಿ ತಾಯಂದಿರಿಗೆ.

ಇಂಥ ಸಂಗತಿಗಳನ್ನು ಹಿಂದೆ ಕಲಿಸುತ್ತಿದ್ದವರು ಅಭಿವೃದ್ಧಿ ಅಧಿಕಾರಿಗಳು, ಜನರ ಬಾಯಲ್ಲಿ 'ಡಿಓ ಸಾಹೇಬ್ರು'. ಒಳ್ಳೆಯ ಡಿಓ ಹೊಸ ಏಜೆಂಟನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹಳ್ಳಿಗೆ ಹೋಗುತ್ತಿದ್ದರು. ಮೊದಲ ಕೆಲವು ಮನೆಗಳಲ್ಲಿ ತಾವು ಮಾತಾಡಿ, ಆಮೇಲೆ ಆತನಿಗೆ ಮಾತು ಬಿಟ್ಟು ತಾವು ಸುಮ್ಮನೆ ಕೂರುತ್ತಿದ್ದರು. ಹರಪನಹಳ್ಳಿ ಸೀಮೆಯ ಒಬ್ಬ ಹಿರಿಯ ಏಜೆಂಟರ ಡೈರಿಯನ್ನು ನಾನು ನೋಡಿದ್ದೇನೆ. ಪಾಲಿಸಿ ನಂಬರಿನ ಮುಂದೆ ಕಂತಿನ ತಾರೀಖು ಇರುವುದು ಸಹಜ. ಅದರ ಪಕ್ಕಕ್ಕೆ ಪೆನ್ಸಿಲಿನಲ್ಲಿ ಇನ್ನೊಂದು ಸಾಲು: 'ಮೆಕ್ಕೆಜೋಳ ಮಾರಿದ ಮೇಲೆ', 'ಗುಳೆ – ಯುಗಾದಿಗೆ ಬರ್ತಾರೆ', 'ತಂಗಿ ಮನೆಯಲ್ಲಿ ಕೇಳುವುದು', 'ಹಾಲಿನ ಬಟವಾಡೆ ದಿನ'. ಯಾರ ಕೈಗೆ ಯಾವಾಗ ರೊಕ್ಕ ಬರುತ್ತದೆ ಎಂಬ ಲೆಕ್ಕ ಅದು. ಕೇಳಿದ್ದಕ್ಕೆ, ಇದನ್ನು ಬರೆದುಕೊಳ್ಳಲು ತಮಗೆ ಕಲಿಸಿದವರು ತಮ್ಮ ಡಿಓ ಎಂದರು.

ಆ ಪೆನ್ಸಿಲ್ ಸಾಲೇ ಈ ಕಸುಬಿನ ಜೀವಾಳ ಎಂದು ನನಗೆ ಅನ್ನಿಸುತ್ತದೆ. ಇಲ್ಲಿಯ ಮೆಕ್ಕೆಜೋಳ ಕಟಾವಿಗೆ ಬರುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ಆಮೇಲೆ ಸಾಲ ತೀರಿಸಿ ಉಳಿದದ್ದರಲ್ಲಿ ಬದುಕು. ಬೇಸಿಗೆಗೆ ಮುಂಚೆಯೇ ಅನೇಕ ಮನೆಗಳಿಗೆ ಬೀಗ ಬೀಳುತ್ತದೆ. ಕಾಫಿ ತೋಟಕ್ಕೆ, ಕಬ್ಬು ಕಡಿಯಲು, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಇಂಥ ಮನೆಗೆ ಮಾರ್ಚಿಗೆ ಬೀಳುವ ವಾರ್ಷಿಕ ಕಂತು ಬರೆಸಿದರೆ ಆ ಪಾಲಿಸಿ ಎರಡನೇ ಕಂತು ಕಾಣುವುದಿಲ್ಲ. ತಿಂಗಳ ಕಂತಿಗೆ ಗ್ರೇಸ್ ಅವಧಿ 15 ದಿನ, ಉಳಿದವಕ್ಕೆ 30 ದಿನ. ಅಷ್ಟರಲ್ಲಿ ಗುಳೆ ಹೋದವರು ವಾಪಸಾಗುವುದಿಲ್ಲ. ಅರ್ಧ ವರ್ಷದ ಒಂದೇ ಕಂತು ಕಟ್ಟಿ ಲ್ಯಾಪ್ಸ್ ಆದ ಮೇಲೆ ಮನೆಯ ಯಜಮಾನ ತೀರಿಕೊಂಡರೆ ಹೆಂಡತಿ ಮಕ್ಕಳಿಗೆ ಬಿಡಿಗಾಸೂ ಬರುವುದಿಲ್ಲ. ಅಂಥ ಒಂದು ಮನೆ ಸಾಕು, ಆ ತಾಂಡಾದಲ್ಲಿ ಮತ್ತೆ ಯಾರೂ ವಿಮೆಯ ನಮೂನೆಗೆ ಸಹಿ ಹಾಕುವುದಿಲ್ಲ. ಮೊದಲೇ ಈ ಭಾಗದ ಜನ ಅಗ್ರಿಗೋಲ್ಡ್‌ನಂಥ ಠೇವಣಿ ಕಂಪನಿಗಳಿಗೆ ರೊಕ್ಕ ಕಟ್ಟಿ ಕಳೆದುಕೊಂಡವರು. ಆಗ ಮನೆಬಾಗಿಲಲ್ಲಿ ನಿಂತು ಉತ್ತರ ಕೊಡಬೇಕಾಗಿ ಬಂದದ್ದು ಅದೇ ಊರಿನ ಏಜೆಂಟರು.

ಮಾಹಿತಿಯ ವಿಷಯದಲ್ಲಿ ನನ್ನ ತಕರಾರು ಇನ್ನೂ ಖಡಕ್ಕಾದದ್ದು. 2024ರ ಅಕ್ಟೋಬರ್ 1ರಿಂದ ಪಾಲಿಸಿಗಳ ನಿಯಮ ಬದಲಾಯಿತು. ಪಾಲಿಸಿ ಬಿಟ್ಟವರಿಗೆ ಮರಳಿ ಸಿಗುವ ಸರೆಂಡರ್ ಹಣ ಹೆಚ್ಚಾಯಿತು, ಒಂದು ವರ್ಷ ಕಟ್ಟಿದವರಿಗೂ ಒಂದಿಷ್ಟು ಸಿಗುವಂತಾಯಿತು. ಅದರ ಜೊತೆಗೇ ನಿಗಮದ ಎಂಡೋಮೆಂಟ್ ಯೋಜನೆಗೆ ಸೇರುವ ಗರಿಷ್ಠ ವಯಸ್ಸು 55ರಿಂದ 50ಕ್ಕೆ ಇಳಿಯಿತು, ಕನಿಷ್ಠ ವಿಮಾ ಮೊತ್ತ ಒಂದು ಲಕ್ಷದಿಂದ ಎರಡು ಲಕ್ಷಕ್ಕೆ ಏರಿತು. ಏಜೆಂಟರ ಮೊದಲ ವರ್ಷದ ಕಮಿಷನ್ ಶೇ. 35 ಇದ್ದದ್ದು 28ಕ್ಕೆ ಇಳಿಯಿತು, ಮುಂದಿನ ವರ್ಷಗಳದ್ದು ಶೇ. 5ರಿಂದ 7.5ಕ್ಕೆ ಏರಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಯ ಮೇಲಿನ ಜಿಎಸ್‌ಟಿ ಹೋಯಿತು. ಒಂದೇ ವರ್ಷದೊಳಗೆ ಇಷ್ಟು ಬದಲಾವಣೆ. ಇವುಗಳಲ್ಲಿ ಬಡವರ ಮನೆಗೆ ಬಲವಾಗಿ ತಟ್ಟಿದ್ದು ಎರಡು ಲಕ್ಷದ ಕನಿಷ್ಠ ಮೊತ್ತ, ಏಕೆಂದರೆ ಮೊತ್ತ ದೊಡ್ಡದಾದರೆ ಕಂತೂ ದೊಡ್ಡದು. ಮೊನ್ನೆ ಒಂದು ಲಕ್ಷದ ಮಾತಾಡಿ ಬಂದ ಮನೆಗೆ ಇಂದು ಎರಡು ಲಕ್ಷದ ಮಾತು ತೆಗೆದುಕೊಂಡು ಹೋಗುವವಳು ಸುಳ್ಳುಗಾತಿಯಾಗಿ ಕಾಣುತ್ತಾಳೆ.

ಇಂಥ ಸುದ್ದಿ ಏಜೆಂಟರಿಗೆ ಬರುವುದು ಹೆಚ್ಚಾಗಿ ವಾಟ್ಸಾಪ್ ಗುಂಪಿನಲ್ಲಿ, ಇಂಗ್ಲಿಷ್ ಸುತ್ತೋಲೆಯ ಫೋಟೊ ಆಗಿ. ಅದೇ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಚಿತ್ರ, ನಿನ್ನೆ ಹೆಚ್ಚು ಪಾಲಿಸಿ ಮಾಡಿದವರ ಫೋಟೊ, ಈ ವಾರದ ಗುರಿ. ಎಷ್ಟೋ ಸಲ ಗಿರಾಕಿಯ ಮಗ ಫೋನಿನಲ್ಲಿ ನೋಡಿ "ಅಕ್ಕ, ಜಿಎಸ್‌ಟಿ ತೆಗ್ದಾರಂತಲ್ಲ, ನಮ್ದು ಎಷ್ಟು ಕಮ್ಮಿ ಆಗ್ತತಿ?" ಎಂದು ಕೇಳಿದ ಮೇಲೆ ಏಜೆಂಟಳಿಗೆ ವಿಷಯ ಗೊತ್ತಾಗುತ್ತದೆ. ಇದು ಆಗಬಾರದು. ನಿಯಮ ಬದಲಾದ ದಿನವೇ ಎರಡು ನಿಮಿಷದ ಕನ್ನಡ ಧ್ವನಿಮುದ್ರಣ, ಒಂದು ಪುಟದ ಕನ್ನಡ ಬರಹ, ಹಳೆಯ ಪಾಲಿಸಿಯವರಿಗೆ ಏನು, ಹೊಸಬರಿಗೆ ಏನು ಎಂಬ ಎರಡು ಉದಾಹರಣೆ ಕಳಿಸಲು ಇಷ್ಟು ದೊಡ್ಡ ಸಂಸ್ಥೆಗೆ ಯಾವ ಅಡ್ಡಿಯೂ ಇಲ್ಲ. ಸರಕಾರದ ಜೀವನ್ ಜ್ಯೋತಿ ವಿಮೆ ಬ್ಯಾಂಕ್ ಖಾತೆಯ ಮೂಲಕ ವರ್ಷಕ್ಕೆ 436 ರೂಪಾಯಿಗೆ ಎರಡು ಲಕ್ಷದ ಭದ್ರತೆ ಕೊಡುತ್ತದೆ. ದಿನಗೂಲಿಯ ಮನೆಗೆ ಮೊದಲು ಅದನ್ನು ಹೇಳಿ, ಉಳಿತಾಯ ಸಾಧ್ಯವಿದ್ದರೆ ಆಮೇಲೆ ನಮ್ಮದು ಎನ್ನುವ ಧೈರ್ಯವನ್ನೂ ಕಲಿಸಬೇಕು. ಕಮಿಷನ್ ಸಿಗದ ಸಲಹೆ ಕೊಟ್ಟವಳ ಮಾತನ್ನು ಊರು ಮರೆಯುವುದಿಲ್ಲ.

ಹುರುಪು ತುಂಬುವ ಬಗೆಯಲ್ಲಂತೂ ನಿಗಮ ಎಣಿಕೆಯ ಮೋಹದಿಂದ ಹೊರಬಂದಿಲ್ಲ. 2025ರ ಜನವರಿ 20ರಂದು ಪ್ರತಿ ಏಜೆಂಟರೂ ಒಂದಾದರೂ ಪಾಲಿಸಿ ಮಾಡಿಸಬೇಕೆಂದು ಕರೆ ಕೊಟ್ಟು, 24 ಗಂಟೆಯಲ್ಲಿ 4,52,839 ಏಜೆಂಟರಿಂದ 5,88,107 ಪಾಲಿಸಿ ಮಾಡಿಸಿ ಗಿನ್ನೆಸ್ ದಾಖಲೆ ಬರೆದರು. ಅಷ್ಟು ಜನರನ್ನು ಒಂದೇ ದಿನ ಬೀದಿಗೆ ಇಳಿಸುವ ಶಕ್ತಿ ದೇಶದಲ್ಲಿ ಬೇರೆ ಯಾವ ವಿಮಾ ಸಂಸ್ಥೆಗೂ ಇಲ್ಲ, ಅದನ್ನು ಮೆಚ್ಚಲೇಬೇಕು. ಆದರೆ ಅವಸರದಲ್ಲಿ ಮಾಡಿಸಿದ ಪಾಲಿಸಿ ಮುಂದಿನ ಜನವರಿಗೆ ಉಸಿರಾಡುತ್ತಿತ್ತೇ ಎಂಬುದಕ್ಕೆ ಯಾರೂ ಪ್ರಮಾಣಪತ್ರ ಕೊಡುವುದಿಲ್ಲ. ನಿಗಮದ ಪಾಲಿಸಿಗಳಲ್ಲಿ 13ನೇ ತಿಂಗಳಿಗೆ ಮುಂದುವರಿಯುವುದು, ಪ್ರೀಮಿಯಂ ಮೊತ್ತದ ಲೆಕ್ಕದಲ್ಲಿ, ಸುಮಾರು ನಾಲ್ಕರಲ್ಲಿ ಮೂರು ಪಾಲು. ಪಾಲಿಸಿಗಳನ್ನು ತಲೆ ಎಣಿಸಿದರೆ ಅದಕ್ಕಿಂತ ಕಡಿಮೆ, ಅಂದರೆ ಹೆಚ್ಚು ಬಿದ್ದುಹೋಗುವುದು ಸಣ್ಣ ಕಂತಿನವು. ಡಿಓಗಳ ಪ್ರೋತ್ಸಾಹ ಧನವೂ ಹೊಸ ಪ್ರೀಮಿಯಮ್ಮಿಗೇ ಕಟ್ಟಿಕೊಂಡಿದೆ. ಮಾರ್ಚ್ ಬಂತೆಂದರೆ ಶಾಖೆಯಲ್ಲಿ ಕ್ಲೋಸಿಂಗಿನ ಗದ್ದಲ. ಉಚ್ಚಂಗಿದುರ್ಗದಲ್ಲಿ ಅದು ಹಬ್ಬದ, ಜಾತ್ರೆಯ ಖರ್ಚಿನ, ಗುಳೆಯ ತಿಂಗಳು. ಕೈಯಲ್ಲಿ ರೊಕ್ಕವಿಲ್ಲದ ತಿಂಗಳಲ್ಲೇ ಒತ್ತಿ ಮಾಡಿಸಿದ ಪಾಲಿಸಿಗೆ ಆಯುಸ್ಸು ಎಲ್ಲಿಂದ ಬರಬೇಕು?

ಈ ನಡುವೆ ಬಿಮಾ ಸಖಿ ಯೋಜನೆಯಲ್ಲಿ ಒಂದು ನಿಯಮ ನನಗೆ ಬಹಳ ಹಿಡಿಸಿತು. ಮೊದಲ ವರ್ಷದ ಪಾಲಿಸಿಗಳಲ್ಲಿ ಕನಿಷ್ಠ ಶೇ. 65 ಚಾಲ್ತಿಯಲ್ಲಿದ್ದರೆ ಮಾತ್ರ ಎರಡನೇ ವರ್ಷದ ಸ್ಟೈಪೆಂಡ್. 24ರಲ್ಲಿ ಒಂಬತ್ತು ಲ್ಯಾಪ್ಸ್ ಆದವೆಂದರೆ ಸ್ಟೈಪೆಂಡ್ ನಿಂತಿತು. ಪಾಲಿಸಿಯನ್ನು ಉಳಿಸುವುದಕ್ಕೆ ಏಜೆಂಟಳ ಬದುಕಿನಲ್ಲಿ ಬೆಲೆ ಕಟ್ಟಿದ ನಿಯಮ ಇದು. ಆದರೆ ಉಳಿಸುವ ವಿದ್ಯೆ ಕಲಿಸದೆ ಉಳಿಸದಿದ್ದರೆ ಶಿಕ್ಷೆ ಎಂದಾಗ, ಆಕೆ ತನ್ನ ಸ್ಟೈಪೆಂಡಿನಿಂದಲೇ ಗಿರಾಕಿಯ ಕಂತು ಕಟ್ಟುವ ದಾರಿ ಹಿಡಿಯುತ್ತಾಳೆ. ಹೊರಗೆ ಪಾಲಿಸಿ ಜೀವಂತ, ಒಳಗೆ ಆಕೆ ಸಾಲಗಾರಳು.

ಸ್ಟೈಪೆಂಡ್ ನಿಲ್ಲುವ ನಾಲ್ಕನೇ ವರ್ಷದ ಲೆಕ್ಕ ಹಾಕಿ ನೋಡೋಣ. ಬೋನಸ್ ಬಿಟ್ಟು ಮೊದಲ ವರ್ಷದ ಕಮಿಷನ್ ಶೇ. 20 ಎಂದು ಹಿಡಿದರೆ 48,000 ತಲುಪಲು 24 ಪಾಲಿಸಿಗಳಿಂದ 2,40,000 ರೂಪಾಯಿ ಪ್ರೀಮಿಯಂ ಬೇಕು, ಅಂದರೆ ಒಂದೊಂದಕ್ಕೆ ವರ್ಷಕ್ಕೆ 10,000. ಈ ಸೀಮೆಯ ಕೂಲಿ ಮನೆಗೆ ಅದೇ ಭಾರ. ಮೂರು ವರ್ಷದ ಪಾಲಿಸಿಗಳೆಲ್ಲ ಉಳಿದರೆ ಶೇ. 7.5ರ ನವೀಕರಣ ಕಮಿಷನ್ ವರ್ಷಕ್ಕೆ 54,000, ತಿಂಗಳಿಗೆ 4,500. ಹೆಚ್ಚುಕಡಿಮೆ ಸ್ಟೈಪೆಂಡಿನ ಜಾಗ ತುಂಬುತ್ತದೆ. ಶೇ. 65 ಮಾತ್ರ ಉಳಿದರೆ ತಿಂಗಳಿಗೆ 2,925. ಆಕೆ ಏಜೆಂಟಳಾಗಿ ಉಳಿಯುತ್ತಾಳೋ ಮತ್ತೆ ಹೊಲದ ಕೂಲಿಗೆ ಹೋಗುತ್ತಾಳೋ ಎಂಬುದು ಈ 1,575 ರೂಪಾಯಿಯಲ್ಲಿದೆ. ತರಬೇತಿಯ ಮೊದಲ ದಿನವೇ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಬೇಕಿತ್ತು. ಅದರ ಬದಲು 24ರ ಗುರಿಯನ್ನಷ್ಟೇ ತಲೆಗೆ ತುಂಬಲಾಗುತ್ತಿದೆ.

ಮೊದಲ ತಂಡದ ಮೂರು ವರ್ಷ 2027ರ ಡಿಸೆಂಬರ್ ಹೊತ್ತಿಗೆ ಮುಗಿಯತೊಡಗುತ್ತದೆ. ಅದಕ್ಕೆ ಮುಂಚೆ ಮಾಡಬಹುದಾದ ಕೆಲಸಗಳಿವೆ. ಈ ಭಾಗದಲ್ಲಿ ಕಂತಿನ ತಾರೀಖು ನವೆಂಬರ್, ಡಿಸೆಂಬರಿಗೆ ಬೀಳುವಂತೆ ಪಾಲಿಸಿ ಮಾಡಿಸಿದವಳಿಗೆ ಶಾಖೆಯೇ ಬೆನ್ನು ತಟ್ಟಬೇಕು. ಗುಳೆ ಹೋದವರು ಇದ್ದಲ್ಲಿಂದಲೇ ಫೋನಿನಲ್ಲಿ ಕಂತು ಕಟ್ಟುವುದನ್ನು ಅವರು ಹೊರಡುವ ಮುಂಚೆ ಆಕೆ ಕಲಿಸಿಕೊಡುವಂತಾಗಬೇಕು. ಶಾಖೆಯ ಸಭೆಯಲ್ಲಿ ಹೆಚ್ಚು ಪಾಲಿಸಿ ಮಾಡಿದವಳಿಗೆ ಹಾಕುವ ಹಾರವನ್ನು ಒಂದೂ ಲ್ಯಾಪ್ಸ್ ಮಾಡಿಕೊಳ್ಳದವಳಿಗೂ ಹಾಕಬೇಕು. ಡಿಓ ಮತ್ತೆ ಮನೆಮನೆಗೆ ಜೊತೆಯಲ್ಲಿ ಬರಬೇಕು, ಎರಡನೇ ಕಂತಿನ ಹೊತ್ತಿಗಂತೂ ತಪ್ಪದೆ ಬರಬೇಕು. ಡೈರಿಯಲ್ಲಿ ಪೆನ್ಸಿಲ್ ಸಾಲು ಬರೆದ ಆ ತಲೆಮಾರಿನ ಏಜೆಂಟರು ಇನ್ನೂ ತಾಲ್ಲೂಕಿನಲ್ಲಿದ್ದಾರೆ; ಅವರನ್ನು ಸಂಭಾವನೆ ಕೊಟ್ಟು ಕರೆಸಿ, ಹೊಸ ಹೆಣ್ಣುಮಕ್ಕಳ ಮುಂದೆ ಒಂದು ದಿನ ಕೂರಿಸುವುದಕ್ಕೆ ಮುಂಬೈಯ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ.