ಅಡಿಕೆ ಹೋಳು, ನರದ ಬಾಗಿಲು

ಕೊಯ್ಲಿನ ಕಾಲದಲ್ಲಿ ಹೊಳಲ್ಕೆರೆ, ಭೀಮಸಮುದ್ರದ ಕಡೆ ಹೋದರೆ ಅಂಗಳದ ತುಂಬ ಅಡಿಕೆಯದೇ ವಾಸನೆ. ಹಸಿಗಾಯಿ ಸುಲಿದು, ಚೊಗರಿನಲ್ಲಿ ಬೇಯಿಸಿ, ಬಿಸಿಲಿಗೆ ಹರವಿದಾಗ ಏರುವ ಆ ಕೆಂಪು ನನಗೆ ಬಲು ಇಷ್ಟ. ಅದಕ್ಕಿಂತ ಇಷ್ಟ, ಹೋಳು ಬಾಯಿಗೆ ಬಿದ್ದ ಮೇಲಿನ ಕಥೆ.

ಆ ಕಥೆ ತಿಳಿಯಲು ಮೊದಲು ನರಗಳತ್ತ ನೋಡಬೇಕು. ಸಾಮಾನ್ಯವಾಗಿ ನಮ್ಮ ನರಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ನಡುವೆ ಮಿಲಿಮೀಟರಿನ ಲಕ್ಷದಲ್ಲಿ ಎರಡು ಪಾಲಿನಷ್ಟು ಸಂದು. ಆ ಸಂದು ದಾಟಿ ಸುದ್ದಿ ಮುಟ್ಟಿಸುವ ದೂತರಲ್ಲೊಬ್ಬ ಅಸಿಟೈಲ್‌ಕೋಲಿನ್. ರಾಸಾಯನಿಕವೊಂದು ನರದ ಸುದ್ದಿ ಒಯ್ಯುತ್ತದೆ ಎಂಬುದನ್ನು 1921ರಲ್ಲಿ ಆಟ್ಟೊ ಲೋವಿ ಎರಡು ಕಪ್ಪೆ ಹೃದಯಗಳಿಂದ ತೋರಿಸಿದರು. ಎಂಥ ಸರಳ, ಎಂಥ ಸುಂದರ ಪ್ರಯೋಗ! ಆಚೆ ದಡದ ಕೋಶದ ಪೊರೆಯಲ್ಲಿ ದೂತನಿಗೆಂದೇ ಪ್ರೋಟೀನಿನ ಗ್ರಾಹಿಗಳಿವೆ.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಆ ದೂತನಂತೆಯೇ ಇಲ್ಲ, ಆದರೂ ಅದೇ ಗ್ರಾಹಿಯ ಬೀಗಕ್ಕೆ ಹೊಂದುತ್ತದೆ. ಸುಣ್ಣದ ಕ್ಷಾರ ಸೇರಿದರೆ ಕೆನ್ನೆಯ ಒಳಪದರವನ್ನು ಇನ್ನೂ ಸಲೀಸಾಗಿ ದಾಟುತ್ತದೆ. ಜೊಲ್ಲುಗ್ರಂಥಿಯ ಮಸ್ಕರಿನಿಕ್ ಎಂಬ ಬಗೆಯ ಗ್ರಾಹಿಯಲ್ಲಿ ಅದು ಕೂತರೆ ಪೊರೆಯ ಒಳಗಿನ ಜಿ-ಪ್ರೋಟೀನ್ ಎಚ್ಚೆತ್ತು, ಕೂಡಿಟ್ಟ ಕ್ಯಾಲ್ಸಿಯಂ ಕೋಶದೊಳಗೆ ಹರಿದು, ಬಾಯಿ ತುಂಬ ನೀರು.

ಪ್ರೀತಿಯಿದ್ದರೂ ಹೇಳಲೇಬೇಕು: ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ಸಂಪುಟದಲ್ಲಿ ದಾಖಲಿಸಿದೆ. ಆದರೆ ಬಾಯಲ್ಲಿ ನೀರೂರಿಸುವ ಆ ಬಾಗಿಲು ಔಷಧಕ್ಕೂ ದಾರಿ: ವಿಕಿರಣ ಚಿಕಿತ್ಸೆಯಿಂದ ಬಾಯಿ ಒಣಗಿದವರಿಗೆ ವೈದ್ಯರು ಕೊಡುವ ಪೈಲೋಕಾರ್ಪಿನ್ ಗುಳಿಗೆಯೂ ತಟ್ಟುವುದು ಇದೇ ಮಸ್ಕರಿನಿಕ್ ಗ್ರಾಹಿಯ ಬಾಗಿಲನ್ನು.