ಪೂರ್ವಪಕ್ಷವಿಲ್ಲದ ಪ್ರಬಂಧ

ಸಂಶೋಧನಾ ಪ್ರಬಂಧ ಬರೆಯುವ ಬಗೆಯೆಂದು ನಮ್ಮ ವಿಶ್ವವಿದ್ಯಾಲಯಗಳ ಕೋರ್ಸ್‌ವರ್ಕಿನಲ್ಲಿ ಕಲಿಸುವ ಚೌಕಟ್ಟಿಗೆ ಅದರ ಯೋಗ್ಯತೆಗೆ ಮೀರಿದ ಮರ್ಯಾದೆ ಸಂದಿದೆ. ಪ್ರಸ್ತಾವನೆ, ಉದ್ದೇಶ, ವ್ಯಾಪ್ತಿ ಮತ್ತು ಮಿತಿ, ಅಧ್ಯಯನ ವಿಧಾನ, ಪೂರ್ವಾಧ್ಯಯನಗಳ ಸಮೀಕ್ಷೆ, ಅಧ್ಯಾಯಗಳ ವಿಂಗಡಣೆ, ಉಪಸಂಹಾರ, ಗ್ರಂಥಋಣ. ಈ ಖಾನೆಗಳು ತುಂಬಿದರೆ ಪ್ರಬಂಧವಾಯಿತು ಎಂದು ವಿದ್ಯಾರ್ಥಿ ನಂಬುತ್ತಾನೆ, ಮಾರ್ಗದರ್ಶಕರು ಹಾಗೆಯೇ ನಂಬಿಸುತ್ತಾರೆ. ಈ ಚೌಕಟ್ಟಿನಿಂದ ಪುಟಗಳು ಕ್ರಮಕ್ಕೆ ಬರುತ್ತವೆ, ವಿಚಾರ ಬರುವುದಿಲ್ಲ.

ಇದನ್ನು ಕಾಶಿಯ ಸೋನಾರ್‌ಪುರದಿಂದ ಬರೆಯುವುದಕ್ಕೆ ಕಾರಣವಿದೆ. ಗೋದೌಲಿಯಾದಿಂದ ಅಸ್ಸಿಯ ಕಡೆಗೆ ಹೋಗುವ ರಸ್ತೆಯಲ್ಲಿ ಜಂಗಮವಾಡಿ, ಮದನ್‌ಪುರ ದಾಟಿದರೆ ಸೋನಾರ್‌ಪುರ. ಕರ್ನಾಟಕದ ಹುಡುಗರು ಓದಲು ಬಂದು ಉಳಿಯುವ ಜಂಗಮವಾಡಿ ಮಠ ಇದೇ ದಾರಿಯಲ್ಲಿದೆ. ದಕ್ಷಿಣಕ್ಕೆ 1916ರ ಬನಾರಸ್ ಹಿಂದೂ ವಿಶ್ವವಿದ್ಯಾಲಯ. ಉತ್ತರಕ್ಕೆ, 1791ರಲ್ಲಿ ಕಾಲೇಜಾಗಿ ಶುರುವಾಗಿ ಈಗ ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾಲಯವಾಗಿರುವ ಸಂಸ್ಥೆ. ಒಂದು ಕಡೆ ಹೊಸ ಚೌಕಟ್ಟಿನ ಸಿನಾಪ್ಸಿಸ್ ಬರೆಯುತ್ತಾರೆ, ಇನ್ನೊಂದು ಕಡೆ ಮೀಮಾಂಸೆಯ ಅಧಿಕರಣ, ಅಂದರೆ ಒಂದೊಂದು ಸಂಶಯವನ್ನು ವಿಚಾರಿಸಿ ನಿರ್ಣಯಿಸುವ ಪ್ರಕರಣ, ಓದುತ್ತಾರೆ. ವಾದವನ್ನು ಕಟ್ಟುವ ವಿಧಾನವಾಗಿ ಎರಡನೆಯದೇ ಮೇಲು. ಅದನ್ನು ಪರೀಕ್ಷೆಗೆ ಓದುವವರಿದ್ದಾರೆ. ಬರೆಯಲು ಬಳಸುವವರು ಕಾಣುವುದಿಲ್ಲ.

ಅಧಿಕರಣದ ಐದು ಅಂಗಗಳು ಬಲ್ಲವರಿಗೆ ಹೊಸತಲ್ಲ: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿದ್ದ ಮಾಧವಾಚಾರ್ಯ 14ನೆಯ ಶತಮಾನದಲ್ಲಿ ‘ಜೈಮಿನೀಯ ನ್ಯಾಯಮಾಲಾ’ ಬರೆದು, ಮೀಮಾಂಸೆಯ ಒಂದೊಂದು ಅಧಿಕರಣವನ್ನೂ ಕೆಲವೇ ಶ್ಲೋಕಗಳಿಗೆ ಇಳಿಸಿ, ಮೇಲೆ ತಾನೇ ಗದ್ಯದಲ್ಲಿ ‘ವಿಸ್ತರ’ ಸೇರಿಸಿದ. ಒಂದು ವಾದದ ಇಡೀ ಯೋಜನೆಯನ್ನು ಅರ್ಧ ಪುಟದಲ್ಲಿ ನಿಲ್ಲಿಸುವ ಈ ಕಲೆ ಕನ್ನಡ ನಾಡಿನಲ್ಲೂ ಬೆಳೆದದ್ದು. ನಮ್ಮ ಸಂಶೋಧನಾ ವಿಧಾನದ ತರಗತಿಗಳು ಅದರ ಹೆಸರನ್ನೂ ಎತ್ತುವುದಿಲ್ಲ.

ಒಂದೇ ಅಧಿಕರಣವನ್ನು ಬಿಡಿಸಿ ನೋಡೋಣ. ಜೈಮಿನಿಯ ಮೀಮಾಂಸಾಸೂತ್ರದ ಮೊದಲ ಅಧ್ಯಾಯದ ಮೂರನೆಯ ಪಾದದಲ್ಲಿ ಹೋಲಾಕಾಧಿಕರಣವಿದೆ. ಹೋಲಾಕಾ ಎಂಬ ವಸಂತದ ಹಬ್ಬವನ್ನು ಪೂರ್ವದೇಶದವರು ಆಚರಿಸುತ್ತಾರೆ. ಇಂಥ ಆಚಾರಕ್ಕೆ ಮೂಲವಾಗಿ ಒಂದು ವೇದವಾಕ್ಯ ಇದ್ದಿರಬೇಕೆಂದು ಮೀಮಾಂಸಕರು ಊಹಿಸುತ್ತಾರೆ. ಸಂಶಯ ಇಲ್ಲಿ ಹುಟ್ಟುತ್ತದೆ: ಹಾಗೆ ಊಹಿಸಿದ ವಿಧಿ ಪೂರ್ವದವರಿಗೆ ಮಾತ್ರವೋ, ಎಲ್ಲರಿಗೂ ಸಲ್ಲುವುದೋ? ಪೂರ್ವಪಕ್ಷ ಬಲವಾಗಿದೆ. ಆಚರಣೆ ಕಂಡದ್ದು ಪೂರ್ವದವರಲ್ಲಿ. ಅದರಿಂದ ಊಹಿಸಿದ ವಿಧಿಯೂ ಅವರಿಗೇ ಸೀಮಿತವಾಗಬೇಕು. ಸಿದ್ಧಾಂತಿ ಒಪ್ಪುವುದಿಲ್ಲ. ವಿಧಿಯ ಸ್ವಭಾವವೇ ಸಾಮಾನ್ಯವಾದದ್ದು. ‘ಪೂರ್ವದವರು’ ಎಂದು ಗುರುತಿಸಲು ಬದಲಾಗದ ಲಕ್ಷಣವೊಂದೂ ಸಿಗುವುದಿಲ್ಲ, ಊರು ಬಿಟ್ಟು ಹೋದವರೂ ಹಬ್ಬ ಮಾಡುತ್ತಾರೆ, ಹೆಸರು ಬಂದದ್ದು ಕೇವಲ ದೇಶದ ಸಂಬಂಧದಿಂದ ಎನ್ನುತ್ತಾನೆ.

ನಮ್ಮ ಪ್ರಬಂಧವಾಗಿದ್ದರೆ ಇಲ್ಲಿಗೆ ಉಪಸಂಹಾರ ಬರುತ್ತಿತ್ತು. ಆದರೆ ಜೈಮಿನಿ ಎದುರಾಳಿಯನ್ನು ಮತ್ತೆ ಮಾತಿಗೆ ಕರೆಯುತ್ತಾನೆ. ಹೆಸರು ದೇಶದ ಸಂಬಂಧದಿಂದ ಬಂದಿದ್ದರೆ, ದೇಶ ಬಿಟ್ಟವನಿಗೆ ಆ ಹೆಸರು ಹೇಗೆ ಉಳಿಯುತ್ತದೆ? ಮಥುರೆಯಿಂದ ಬಂದವನನ್ನು ಬೇರೆ ಊರಿನಲ್ಲೂ ಮಾಥುರನೆನ್ನುವಂತೆ ಎಂದು ಉತ್ತರ. ಎದುರಾಳಿ ಇನ್ನೊಂದು ಹೆಜ್ಜೆ ಇಡುತ್ತಾನೆ. ದೇಶವನ್ನು ಮನುಷ್ಯರ ಲಕ್ಷಣವೆಂದು ತಾನು ಹೇಳಿದ್ದು ಸೋತಿತು, ಸರಿ; ಅದನ್ನು ಕರ್ಮದ ಲಕ್ಷಣವೆನ್ನಬಹುದಲ್ಲ? ಕೆಲವು ಯಾಗಗಳಿಗೆ ಇಳಿಜಾರಿನ ನೆಲವೇ ಬೇಕೆಂಬ ನಿಯಮವಿದೆ. ಹಾಗೆ ಈ ಹಬ್ಬಕ್ಕೂ ಇಂಥ ನೆಲ ಎಂದಿರಬಾರದೇ? ಮನುಷ್ಯರ ವಿಷಯದಲ್ಲಿ ಬಂದ ತೊಡಕು ನೆಲದ ವಿಷಯದಲ್ಲೂ ಬರುತ್ತದೆ ಎಂದು ಸಿದ್ಧಾಂತಿ ತೋರಿಸಿದ ಮೇಲೆಯೇ ಅಧಿಕರಣ ಮುಗಿಯುತ್ತದೆ.

ಇಲ್ಲಿ ನಡೆದದ್ದನ್ನು ಗಮನಿಸಬೇಕು. ಸೋತ ಪೂರ್ವಪಕ್ಷ ತನ್ನ ಸೋಲಿನಿಂದ ಕಲಿತು, ಇನ್ನೂ ಗಟ್ಟಿಯಾದ ರೂಪದಲ್ಲಿ ಮರಳಿತು. ಸಿದ್ಧಾಂತಿಯ ಮೊದಲ ಉತ್ತರ ತಪ್ಪಾಗಿರಲಿಲ್ಲ, ಸಾಲದಾಗಿತ್ತು. ಅದು ಸಾಲದೆಂದು ತಿಳಿದದ್ದು ಎದುರಾಳಿ ಮರಳಿದ್ದರಿಂದ. ಎದುರಾಳಿಗೆ ತನ್ನಷ್ಟೇ ಬುದ್ಧಿಯನ್ನು ಕೊಡುವ ಈ ಶಿಸ್ತು ಬರಹಗಾರನನ್ನು ಬೆಳೆಸುತ್ತದೆ.

ಇದರ ಪಕ್ಕದಲ್ಲಿ ನಮ್ಮ ‘ಪೂರ್ವಾಧ್ಯಯನಗಳ ಸಮೀಕ್ಷೆ’ಯನ್ನು ಇಟ್ಟು ನೋಡಿ. ಇಂಥವರು ಇಂಥ ವರ್ಷ ಇಂಥ ಗ್ರಂಥ ಬರೆದರು ಎಂಬ ಪಟ್ಟಿ, ಕೊನೆಗೆ ‘ಈ ವಿಷಯದಲ್ಲಿ ಸಮಗ್ರ ಅಧ್ಯಯನ ನಡೆದಿಲ್ಲ’ ಎಂಬ ಸಾಲು. ಶೀರ್ಷಿಕೆಯಲ್ಲೇ ರೋಗ ಕಾಣುತ್ತದೆ. ‘ಒಂದು ಅಧ್ಯಯನ’ ಎಂದು ಮುಗಿಯುವ ಶೀರ್ಷಿಕೆಯಲ್ಲಿ ವಿಷಯವಿದೆ, ಸಂಶಯವಿಲ್ಲ. ‘ಕವಿರಾಜಮಾರ್ಗದ ಕರ್ತೃತ್ವ: ಒಂದು ಅಧ್ಯಯನ’ ಎಂದು ಹೊರಟವನು ನೃಪತುಂಗನೆಂದವರನ್ನೂ ಶ್ರೀವಿಜಯನೆಂದವರನ್ನೂ ಸಾಲಾಗಿ ನಿಲ್ಲಿಸಿ ಕೈತೊಳೆದುಕೊಳ್ಳುತ್ತಾನೆ. ಅಧಿಕರಣ ಕಲಿತವನು ಹಾಗೆ ಮಾಡಲಾರ. ಕೆ. ಬಿ. ಪಾಠಕರು 1898ರಲ್ಲಿ ಗ್ರಂಥವನ್ನು ನೃಪತುಂಗನದೆಂದು ಪ್ರಕಟಿಸಿದ್ದು ಅವನ ಪೂರ್ವಪಕ್ಷ. ದುರ್ಗಸಿಂಹ ಶ್ರೀವಿಜಯನ ಕವಿಮಾರ್ಗವನ್ನು ಸ್ಮರಿಸುವುದು, ಕರ್ತೃ ಶ್ರೀವಿಜಯನೆಂಬ ಸಿದ್ಧಾಂತಕ್ಕೆ ಸಾಕ್ಷ್ಯ. ಅಲ್ಲಿಗೆ ನಿಲ್ಲದೆ ಎದುರಾಳಿಯನ್ನು ಮತ್ತೆ ಕರೆಯಬೇಕು: ಕವಿರಾಜಮಾರ್ಗವೇ ಕನ್ನಡ ಕವಿಗಳ ಪಟ್ಟಿಯಲ್ಲಿ ಶ್ರೀವಿಜಯನನ್ನು ಹೆಸರಿಸುತ್ತದೆ, ಕರ್ತೃ ತನ್ನನ್ನೇ ಹಾಗೆ ಎಣಿಸಿಕೊಂಡನೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಪುಟವೇ ಪ್ರಬಂಧದ ಜೀವ. ಉಳಿದದ್ದೆಲ್ಲ ಅದಕ್ಕೆ ಸಿದ್ಧತೆ.

ಇದಕ್ಕೆ ಆಕ್ಷೇಪ ಎರಡು ದಿಕ್ಕಿನಿಂದ ಬರುತ್ತದೆ. ಶಾಸ್ತ್ರದಲ್ಲಿ ಸಿದ್ಧಾಂತ ಮೊದಲೇ ತೀರ್ಮಾನವಾಗಿರುತ್ತದೆ, ಪೂರ್ವಪಕ್ಷ ಬರೀ ಆಟ, ಆದ್ದರಿಂದ ಅದು ಸಂಶೋಧನೆಯಲ್ಲ ಎನ್ನುವ ವಿಮರ್ಶಕರು ಒಂದು ಕಡೆ. ಇವರು ಹುಡುಕುವ ಕ್ರಮವನ್ನೂ ಹೇಳುವ ಕ್ರಮವನ್ನೂ ಒಂದೆಂದು ತಿಳಿದಿದ್ದಾರೆ. ಪ್ರಯೋಗಾಲಯದ ಪ್ರಬಂಧವನ್ನೂ ಫಲಿತಾಂಶ ತಿಳಿದ ಮೇಲೆಯೇ ಬರೆಯುತ್ತಾರೆ. ತೀರ್ಮಾನ ಮೊದಲೋ ಕೊನೆಯೋ ಎಂಬುದಕ್ಕಿಂತ, ಅದು ಬಲವಾದ ವಿರೋಧವನ್ನು ಎದುರಿಸಿತೇ ಎಂಬುದನ್ನು ಕೇಳಬೇಕು. ಎಲ್ಲವೂ ನಮ್ಮಲ್ಲೇ ಇತ್ತು, ಪಶ್ಚಿಮದ ಚೌಕಟ್ಟು ಬೇಡವೇ ಬೇಡ ಎನ್ನುವವರು ಇನ್ನೊಂದು ಕಡೆ. ಇವರಿಂದ ಹೆಚ್ಚಿನ ಹಾನಿಯಾಗಿದೆ, ಏಕೆಂದರೆ ಶಾಸ್ತ್ರವನ್ನು ಹೊಗಳುವ ಇವರ ಬರಹಗಳಲ್ಲೇ ಪೂರ್ವಪಕ್ಷವಿರುವುದಿಲ್ಲ. 17ನೆಯ ಶತಮಾನದ ಕಾಶಿಯಲ್ಲಿ ‘ಭಾಟ್ಟದೀಪಿಕಾ’ ಬರೆದ ಖಂಡದೇವ ತನ್ನ ಪರಂಪರೆಯ ಹಿರಿಯರನ್ನೂ ಪ್ರಶ್ನಿಸಿದ. ಅವನ ಹೆಸರು ಹೇಳುವವರಿಗೆ ಅವನ ಧೈರ್ಯವೂ ಇರಬೇಕು.

ಶಾಸ್ತ್ರಕ್ಕೂ ಮಿತಿಯಿದೆ. ಎದುರಾಳಿಯನ್ನು ಅದು ಎಷ್ಟೋ ಸಲ ‘ಕೆಲವರು’ ಎಂದು ಹೆಸರಿಲ್ಲದೆ ಬಿಡುತ್ತದೆ. ಯಾರು, ಯಾವ ಪುಟದಲ್ಲಿ ಎಂದು ತಿಳಿಸುವ ಇಂದಿನ ಅಡಿಟಿಪ್ಪಣಿ ದೊಡ್ಡ ಲಾಭ, ಅದನ್ನು ಬಿಡಬಾರದು. ಆದರೆ ಅಡಿಟಿಪ್ಪಣಿಯ ಕಾವಲಿಗೆ ನಿಂತ ನಿಯಮಗಳು ವಿಚಾರವನ್ನು ಕಾಯುವುದಿಲ್ಲ. ಯುಜಿಸಿಯ 2018ರ ನಿಯಮ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎನ್ನುತ್ತದೆ. ತಂತ್ರಾಂಶ ಅಳೆಯುವುದು ಪದಗಳ ಹೋಲಿಕೆಯನ್ನು. ಸ್ವಂತ ಸಂಶಯವೇ ಇಲ್ಲದ ಪ್ರಬಂಧವೂ ಆ ಪರೀಕ್ಷೆಯನ್ನು ಸುಲಭವಾಗಿ ದಾಟುತ್ತದೆ.

ಆದ್ದರಿಂದ ಬರೆಯಲು ಹೊರಟವರಲ್ಲಿ ನನ್ನ ಕೇಳಿಕೆ ಇದು. ಸಿನಾಪ್ಸಿಸ್‌ಗೆ ಮೊದಲು ಒಂದೇ ಪುಟ ಬರೆಯಿರಿ. ವಿಷಯಕ್ಕೆ ಒಂದು ವಾಕ್ಯ. ಸಂಶಯಕ್ಕೆ ಒಂದು, ಅದರಲ್ಲಿ ಹೀಗೋ ಹಾಗೋ ಎಂಬ ಎರಡು ಕವಲು ಇರಲೇಬೇಕು. ಅರ್ಧ ಪುಟವನ್ನು ನಿಮ್ಮನ್ನು ಒಪ್ಪದವರಿಗೆ ಬಿಟ್ಟುಕೊಡಿ. ಅವರು ಓದಿದರೆ ತಮ್ಮ ಮಾತೇ ಎನ್ನುವಷ್ಟು ನ್ಯಾಯವಾಗಿ ಬರೆಯಿರಿ. ನಂತರ ನಿಮ್ಮ ಉತ್ತರ, ಅದಕ್ಕೆ ಅವರ ಮರುಪ್ರಶ್ನೆ, ಕೊನೆಗೆ ಈ ನಿರ್ಣಯದಿಂದ ಬೇರೆ ಯಾವ ತಿಳಿವಳಿಕೆ ಬದಲಾಗುತ್ತದೆ ಎಂಬ ಸಂಗತಿ. ಈ ಪುಟ ತುಂಬದಿದ್ದರೆ ವಿಷಯ ಇನ್ನೂ ಸಿಕ್ಕಿಲ್ಲ, ಓದು ಮುಂದುವರಿಯಲಿ. ತುಂಬಿದರೆ, ವಿಶ್ವವಿದ್ಯಾಲಯ ಕೇಳುವ ಖಾನೆಗಳನ್ನು ಆಮೇಲೆ ತುಂಬಬಹುದು. ಮಾರ್ಗದರ್ಶಕರು ಮೊದಲು ಕೇಳಬೇಕಾದದ್ದೂ ಈ ಪುಟವನ್ನೇ.